ಅವ್ವ ಯಾವ ಶಾಲೆಯವಳು?

ನಾನು ಚಿಕ್ಕವಳಿದ್ದಾಗ ನನಗೆ ಒಬ್ಬಳೇ ಒಬ್ಬಳು ವೈರಿ ಇದ್ದಳು. ಆ ಸಂಗತಿ ಅವಳಿಗೇ ಗೊತ್ತಿರಲಿಲ್ಲ. ನನಗಿಂತ ಸಣ್ಣವಳು, ಮುಂದಿನ ಹಲ್ಲು ಬಿದ್ದವಳು, ಬಳೆಗಾರರ ಮನೆಯ ಹುಡುಗಿ. ಅವಳು ಮಾಡಿದ್ದು ಇಷ್ಟೇ: ನಮ್ಮ ಅವ್ವ ಕಲಿಸುತ್ತಿದ್ದ ಶಾಲೆಗೆ ಒಂದನೆಯ ತರಗತಿಗೆ ಬಂದು ಸೇರಿದ್ದಳು.

ಆಗ ನಾವು ಔರಾದ ತಾಲೂಕಿನ ಸಂತಪುರದಲ್ಲಿ ಇದ್ದೆವು. ಅಪ್ಪ ಭಾಲ್ಕಿಯ ಸರಕಾರಿ ಶಾಲೆಯಲ್ಲಿ ಮಾಸ್ತರ. ಅಲ್ಲೇ ಒಂದು ಕೋಣೆ ಹಿಡಿದುಕೊಂಡು ಇದ್ದು, ಶನಿವಾರ ಶಾಲೆ ಬಿಟ್ಟ ಮೇಲೆ ಮನೆಗೆ ಬರುತ್ತಿದ್ದ. ಅವ್ವನೂ ಟೀಚರೇ. ಅವಳ ಶಾಲೆ ಸಂತಪುರದಿಂದ ತೊಗರಿ ಹೊಲಗಳ ನಡುವೆ ನಡೆದು, ಒಂದು ಹಳ್ಳ ದಾಟಿ ಹೋಗಬೇಕಾದ ಸಣ್ಣ ಊರಿನಲ್ಲಿತ್ತು. ಇಡೀ ಶಾಲೆಗೆ ಅವಳೊಬ್ಬಳೇ. ಒಂದನೆಯ ತರಗತಿಯವರು, ನಾಲ್ಕನೆಯವರು, ನಡುವಿನವರು ಎಲ್ಲ ಒಂದೇ ಕೋಣೆಯಲ್ಲಿ ಗೋಣಿತಟ್ಟಿನ ಮೇಲೆ ಕೂರುತ್ತಿದ್ದರು. ಒಂದು ಮೂಲೆಯವರಿಗೆ ಮಗ್ಗಿ ಹೇಳಿಕೊಟ್ಟು, ಇನ್ನೊಂದು ಮೂಲೆಯವರಿಗೆ ಪಾಠ ಓದಿಸಿ, ಅಳುವ ಸಣ್ಣವರ ಮೂಗು ಒರೆಸುವಷ್ಟರಲ್ಲಿ ಅವಳ ದಿನ ಮುಗಿದುಹೋಗುತ್ತಿತ್ತು.

ನಾನು ಓದುತ್ತಿದ್ದುದು ಸಂತಪುರದ ಶಾಲೆಯಲ್ಲಿ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವ್ವ ರೊಟ್ಟಿ ಬಡಿದಿಟ್ಟು ಹೊರಡಲು ನಿಂತಿರುತ್ತಿದ್ದಳು. ನನ್ನ ಜಡೆ ಹಾಕುತ್ತಿದ್ದವರು ಪಕ್ಕದ ಮನೆಯವರು. ಅವರ ಕೈ ಬಿಗಿ; ಜಡೆ ಎಳೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಸಂಜೆ ಅವ್ವ ಬಂದಾಗ ಅವಳ ಸೀರೆಯಿಂದ ಸುಣ್ಣದ ಕಡ್ಡಿಯ ಪುಡಿ ಮತ್ತು ಹೊಲದ ಧೂಳಿನ ವಾಸನೆ ಬರುತ್ತಿತ್ತು. ಬಂದವಳು ಒಲೆಯ ಮುಂದೆ ಕೂತು ಆ ದಿನದ ಸುದ್ದಿ ಹೇಳುತ್ತಿದ್ದಳು. ಸುದ್ದಿಯ ತುಂಬ ಬಳೆಗಾರರ ಹುಡುಗಿಯೇ. ಅವರ ಮನೆಯ ಮಾತು ಉರ್ದು, ಶಾಲೆಗೆ ಬಂದಾಗ ಒಂದು ಕನ್ನಡ ಅಕ್ಷರವೂ ಬರುತ್ತಿರಲಿಲ್ಲವಂತೆ. ಈಗ ಅವ್ವ ಕೈ ಹಿಡಿದು ತಿದ್ದಿಸಿದರೆ ಮುತ್ತಿನ ಹಾಗೆ ಬರೆಯುತ್ತಾಳಂತೆ. ಒಂದು ದಿನ ಅವಳ ತಲೆ ಜಟೆಗಟ್ಟಿತ್ತೆಂದು ಅವ್ವನೇ ಎಣ್ಣೆ ಹಚ್ಚಿ ಬಾಚಿದಳಂತೆ. ಅದನ್ನು ಕೇಳಿದ ರಾತ್ರಿ ನಾನು ಊಟ ಮಾಡಲಿಲ್ಲ. ಹೊಟ್ಟೆ ನೋಯುತ್ತದೆ ಎಂದು ಹೇಳಿದೆ. ನಿಜಕ್ಕೂ ಅಲ್ಲಿ ಏನೋ ಉರಿಯುತ್ತಿತ್ತು.

ಆ ವರ್ಷ ಸಂತಪುರದ ನಮ್ಮ ಶಾಲೆಯಲ್ಲಿ ಇಬ್ಬರು ಮಾಸ್ತರರು ನಿವೃತ್ತರಾದರು. ಅವರ ಜಾಗಕ್ಕೆ ಸರಕಾರ ಯಾರನ್ನೂ ಕಳಿಸಲಿಲ್ಲ. ಬದಲಿಗೆ ಅವ್ವನನ್ನು ಅವಳ ಹಳ್ಳಿಯ ಶಾಲೆಯಿಂದ ತೆಗೆದು ಸಂತಪುರಕ್ಕೆ ಹಾಕುವುದೆಂದು ಗೊತ್ತಾಯಿತು. ಹಳ್ಳಿಯ ಶಾಲೆಗೆ ಬೀಗ ಬೀಳುತ್ತದೆ, ಅಲ್ಲಿನ ಮಕ್ಕಳು ಬೇಕಾದರೆ ಸಂತಪುರಕ್ಕೆ ನಡೆದು ಬರಲಿ ಎಂಬುದು ಮೇಲಿನವರ ಲೆಕ್ಕ. ಸುದ್ದಿ ಕೇಳಿ ನಾನು ಅಂಗಳದಲ್ಲಿ ಕುಣಿದೆ. ಅವ್ವ ನನ್ನ ಶಾಲೆಗೆ ಬರುತ್ತಾಳೆ! ನನ್ನ ಕೈ ಹಿಡಿದು ಹೋಗಿ, ನನ್ನ ಕೈ ಹಿಡಿದು ವಾಪಸು ಬರುತ್ತಾಳೆ. ಅವ್ವ ಮಾತ್ರ ಕುಣಿಯಲಿಲ್ಲ. ಮಳೆಗಾಲದಲ್ಲಿ ಆ ಹಳ್ಳ ಹೇಗೆ ತುಂಬುತ್ತದೆಂದು ಅವಳಿಗೆ ಗೊತ್ತಿತ್ತು. ಸಣ್ಣ ಮಕ್ಕಳು ಅದನ್ನು ದಾಟಲಾರರು, ಹೆಣ್ಣುಮಕ್ಕಳನ್ನಂತೂ ಯಾರೂ ಕಳಿಸಲಾರರು ಎಂದು ಅಪ್ಪನ ಮುಂದೆ ಹೇಳುತ್ತಿದ್ದಳು. ಅಪ್ಪನದೂ ಇಂಥದೇ ಗೋಳು. ಭಾಲ್ಕಿಯ ಅವನ ಶಾಲೆಯಲ್ಲಿ ಒಂದು ಕೋಣೆಯ ಮಾಳಿಗೆ ಕುಸಿದು ಬಹಳ ಕಾಲವಾಗಿತ್ತು. ಕಟ್ಟಿಸಲು ಅನುದಾನ ಬರಲೇ ಇಲ್ಲ. ಅವನ ಮಕ್ಕಳು ಬೇವಿನ ಮರದ ಕೆಳಗೆ ಕೂತು ಓದುತ್ತಿದ್ದರು. ನೆರಳು ಸರಿದಂತೆ ತರಗತಿಯೂ ಸರಿಯುತ್ತಿತ್ತು.

ಹೀಗಿರುವಾಗ ಬೀದರ, ಭಾಲ್ಕಿ, ಔರಾದ ಕಡೆಯ ಶಿಕ್ಷಕರೆಲ್ಲ ಸೇರಿ ಬೀದರದಲ್ಲಿ ದೊಡ್ಡ ಕಚೇರಿಯ ಮುಂದೆ ಧರಣಿ ಕೂರುವುದೆಂದು ನಿಶ್ಚಯಿಸಿದರು. ಅದೊಂದು ಭಾನುವಾರವಾದ್ದರಿಂದ ಅವ್ವ ನನ್ನನ್ನೂ ಕರೆದುಕೊಂಡು ಹೊರಟಳು. ಅಪ್ಪ ಆ ವಾರ ಮನೆಗೆ ಬಾರದೆ ಭಾಲ್ಕಿಯಿಂದ ನೇರವಾಗಿ ಅಲ್ಲಿಗೇ ಬರುವವನಿದ್ದ. ಅಪ್ಪ ಒಂದು ಕಡೆ, ಅವ್ವ ಒಂದು ಕಡೆ, ನಡುವೆ ನಾನು. ಧರಣಿ ಮುಗಿದ ಮೇಲೆ ಕೋಟೆ ನೋಡುವುದು, ಖಾರ ಉಪ್ಪು ಹಚ್ಚಿದ ಪೇರಲಹಣ್ಣು ತಿನ್ನುವುದು ಎಂದೆಲ್ಲ ಎಣಿಸಿಕೊಂಡಿದ್ದೆ. ಆ ದಿನ ಅವ್ವನೇ ನನ್ನ ಜಡೆ ಹಾಕಿದ್ದಳು.

ಸಂತಪುರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದರೆ ಒಳಗೆ ಬಳೆಗಾರರ ಹುಡುಗಿ ತನ್ನ ತಾಯಿಯ ಜೊತೆ ಕೂತಿದ್ದಳು. ಶಾಲೆ ಉಳಿಸಿಕೊಳ್ಳಬೇಕೆಂದು ಆ ತಾಯಿ ಬಳೆಯ ಬುಟ್ಟಿ ಮನೆಯಲ್ಲಿಟ್ಟು ಬಂದಿದ್ದರು. ಅವ್ವನನ್ನು ಕಂಡದ್ದೇ ತಡ, ಹುಡುಗಿ ಎದ್ದು ಬಂದು ಅವಳ ಪಕ್ಕಕ್ಕೆ ಒತ್ತಿಕೊಂಡು ಕೂತಳು. ಕಿಟಕಿಯ ಕಡೆ ನಾನು, ನಡುವೆ ಅವ್ವ, ಆ ಕಡೆ ಅವಳು. ಬೀದರ ಬರುವ ತನಕ ನಾನು ಕಿಟಕಿಯ ಹೊರಗೇ ನೋಡಿದೆ. ಏನು ನೋಡಿದೆನೋ ನೆನಪಿಲ್ಲ. ಅವಳ ಕೈಬಳೆಗಳ ಸದ್ದು ಮಾತ್ರ ಕಿವಿಯಲ್ಲಿ ಉಳಿದಿದೆ.

ಕಚೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಕೆಳಗೆ ಜಮಖಾನೆ. ಬಿಸಿಲಿಗೆ ಬಟ್ಟೆಯ ಛಾವಣಿಯೇ ಕಾದು ಒಂದು ಥರದ ವಾಸನೆ ಬರುತ್ತಿತ್ತು. ಅಪ್ಪ ಬಂದು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ. ಒಬ್ಬೊಬ್ಬರೇ ಎದ್ದು ಮಾತಾಡಿದರು. ಮಕ್ಕಳಿರುವಲ್ಲಿ ಮಾಸ್ತರರಿಲ್ಲ, ಮಾಸ್ತರರಿರುವಲ್ಲಿ ಕೋಣೆಯಿಲ್ಲ, ಖಾಲಿ ಬಿದ್ದ ಜಾಗ ತುಂಬಿಸಿ, ಶಾಲೆ ಮುಚ್ಚಬೇಡಿ ಎನ್ನುತ್ತಿದ್ದರು. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದರು. ಅವ್ವ ರೊಟ್ಟಿ ಮುರಿದು ಶೇಂಗಾ ಹಿಂಡಿಯ ಪುಡಿಚಟ್ನಿ ಹಚ್ಚಿ ಮೊದಲು ಕೊಟ್ಟದ್ದು ಬಳೆಗಾರರ ಹುಡುಗಿಗೆ. ಉಂಡ ಮೇಲೆ ಆ ಹುಡುಗಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಅವ್ವ ನೊಣ ಬಾರದಂತೆ ಅವಳ ಮುಖಕ್ಕೆ ಸೆರಗು ಹೊದಿಸಿದಳು. ಅಪ್ಪನ ತೊಡೆ ನನಗಿತ್ತು, ನಿಜ. ಆದರೆ ನನ್ನ ಕಣ್ಣೆಲ್ಲ ಆ ಸೆರಗಿನ ಮೇಲೆ.

ರಜೆಯಿದ್ದರೂ ಧರಣಿಯ ಸುದ್ದಿ ಕೇಳಿ ಕಚೇರಿಗೆ ಬಂದಿದ್ದ ಒಬ್ಬ ಸಾಹೇಬರು ಬಿಸಿಲು ಇಳಿಯುವ ಹೊತ್ತಿಗೆ ಹೊರಗೆ ಬಂದರು. ಕೆಟ್ಟವರೇನಲ್ಲ, ದಣಿದ ಮುಖದವರು. ಒಬ್ಬೊಬ್ಬರನ್ನೇ ವಿಚಾರಿಸುತ್ತ ಅವ್ವನ ಮುಂದೆ ನಿಂತರು.

"ಟೀಚರ್ರೆ, ನಿಮ್ಮ ಮನಿ ಸಂತಪುರದಾಗೇ ಅದ ಅಂತ ಕೇಳೀನಿ. ಮನಿ ಬಾಜೂಕಿನ ಸಾಲಿಗೇ ವರ್ಗಾ ಕೊಟ್ರ ನೀವು ಬ್ಯಾಡ ಅಂತೀರಿ. ಯಾಕ್ರಿ?"

ಅವ್ವ ಏಳಲು ನೋಡಿದಳು, ತೊಡೆಯ ಮೇಲೆ ಹುಡುಗಿ ಇದ್ದುದರಿಂದ ಕೂತೇ ಹೇಳಿದಳು. "ನಾ ಈ ಕಡಿ ಬಂದ್ರ ಅಲ್ಲಿ ಬೀಗ ಬೀಳ್ತದ್ರಿ ಸಾಹೇಬ್ರ. ಈ ಕೂಸು ಹಳ್ಳ ದಾಟಿ ಬರಂಗಿಲ್ಲ. ಮನ್ಯಾಗೇ ಉಳೀತದ."

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಯಾರೆಂದು ಯಾರೋ ಹೇಳಿದರು. ಅವರು ಬಾಗಿ ನಕ್ಕು, ನಿಮ್ಮ ಅವ್ವ ನಿಮ್ಮ ಸಾಲಿಗೆ ಬರೂದು ನಿನಗೂ ಬ್ಯಾಡೇನು ಎಂದು ಕೇಳಿದರು.

ಏನು ಹೇಳಬೇಕೆಂದು ಯಾರೂ ನನಗೆ ಕಲಿಸಿರಲಿಲ್ಲ. ಎಷ್ಟೋ ದಿನದಿಂದ ಒಳಗೆ ಕುದಿಯುತ್ತಿದ್ದುದು ಬಾಯಿಗೆ ಬಂತು.

"ಬೇಕ್ರಿ. ನಂಗ ನಮ್ಮ ಅವ್ವ ಬೇಕು. ಆಕಿ ಬರೇ ಈಕಿನ್ನೇ ನೋಡ್ತಾಳ."

ಅಪ್ಪನ ಕೈ ನನ್ನ ಹೊಟ್ಟೆಯ ಮೇಲೆ ಬಿಗಿಯಾಯಿತು. ನೋಡಿದಿರಾ, ಮಗಳೇ ಹೇಳುತ್ತಾಳಲ್ಲ ಎನ್ನುವಂತೆ ಸಾಹೇಬರು ಅವ್ವನ ಮುಖ ನೋಡಿದರು.

ಅವ್ವ ನನ್ನನ್ನೇ ನೋಡುತ್ತಿದ್ದಳು. ಬಯ್ಯುತ್ತಾಳೆಂದು ನಾನು ಕಾದೆ. ಅವಳು ಸಾಹೇಬರ ಕಡೆ ತಿರುಗಿ ಮಾತಾಡಿದಳು.

"ಆಕಿ ಖರೇನೇ ಹೇಳ್ಯಾಳ್ರಿ. ಆಕಿಗೂ ಟೀಚರ್ ಬೇಕು, ಈಕಿಗೂ ಬೇಕು. ಇರೂ ಒಬ್ಬಾಕಿನ್ನ ಈ ಸಾಲಿಗಿ ಆ ಸಾಲಿಗಿ ಜಗ್ಗಿದ್ರ ಒಂದು ಕೂಸು ಅಳೂದೇ ಅದ. ನನ್ನ ಎಲ್ಲಿ ಹಾಕಬೇಕು ಅಂತ ಕೇಳಬ್ಯಾಡ್ರಿ. ಇನ್ನೊಬ್ರನ್ನ ಕೊಡ್ರಿ. ಅದಕ್ಕೇ ಕುಂತೇವಿ."

ಮೇಲಿನವರಿಗೆ ತಿಳಿಸುತ್ತೇನೆ ಎಂದು ಸಾಹೇಬರು ಒಳಗೆ ಹೋದರು. ಅವ್ವ ಕೈ ಚಾಚಿ ನನ್ನನ್ನು ಹತ್ತಿರ ಕರೆದಳು. ಒಂದು ತೊಡೆಯ ಮೇಲೆ ಆ ಹುಡುಗಿ ಮಲಗಿದ್ದಳು, ಇನ್ನೊಂದರ ಮೇಲೆ ನಾನು ಕೂತೆ. ಅವ್ವ ನನ್ನ ನೆತ್ತಿಯ ಮೇಲೆ ಗದ್ದ ಊರಿದಳು. ಕೋಟೆಯನ್ನು ಆ ದಿನ ನೋಡಲಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಹುಡುಗಿ ನನ್ನ ಪಕ್ಕ ಕೂತಳು. ಮೊದಲ ಸಲ ನನ್ನ ಜೊತೆ ಮಾತಾಡಿದಳು. ಅವಳ ಅಕ್ಕೋರು, ಎಂದರೆ ನಮ್ಮ ಅವ್ವ, ಮನೆಯಲ್ಲಿ ಏನು ಅಡಿಗೆ ಮಾಡುತ್ತಾಳೆ, ಎಲ್ಲಿ ಮಲಗುತ್ತಾಳೆ, ಕತೆ ಹೇಳುತ್ತಾಳೋ ಎಂದು ಕೇಳುತ್ತ ಹೋದಳು. ನಾನು ಬಿಂಕದಿಂದಲೇ ಉತ್ತರ ಕೊಟ್ಟೆ. ಸಂತಪುರದಲ್ಲಿ ಎಲ್ಲರೂ ಇಳಿದೆವು. ಅವರು ಹೊಲದ ದಾರಿ ಹಿಡಿಯಬೇಕು. ಅವಳು ತಾಯಿಯ ಕೈ ಹಿಡಿದು ನಿಂತು ನನ್ನನ್ನು ನೋಡಿ, "ಅಕ್ಕೋರು ದಿನಾ ನಿಮ್ಮ ಮನೀಗೇ ಬರ್ತಾರ" ಎಂದಳು. ಅವಳ ದನಿಯಲ್ಲಿ ಇದ್ದದ್ದು ಏನೆಂದು ನನಗೆ ತಟ್ಟನೆ ಗೊತ್ತಾಯಿತು. ಅದು ನನ್ನ ಹೊಟ್ಟೆಯೊಳಗೆ ಉರಿಯುತ್ತಿದ್ದುದೇ.

ಅವ್ವನ ವರ್ಗಾವಣೆ ನಿಂತಿತು. ಹಳ್ಳಿಯ ಶಾಲೆಗೆ ಬೀಗ ಬೀಳಲಿಲ್ಲ. ನಮ್ಮ ಶಾಲೆಗೆ ಹೊಸ ಮಾಸ್ತರರು ಬರಲು ಬಹಳ ಕಾಲ ಹಿಡಿಯಿತು, ಅದೂ ಇಬ್ಬರಲ್ಲ, ಒಬ್ಬರೇ. ಭಾಲ್ಕಿಯ ಶಾಲೆಯ ಕುಸಿದ ಕೋಣೆ ಅಪ್ಪ ಅಲ್ಲಿರುವ ತನಕ ಏಳಲಿಲ್ಲ. ನನ್ನ ಹೊಟ್ಟೆಕಿಚ್ಚು ಹೋಯಿತೇ? ಇಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅಂದಿನಿಂದ ನನಗೆ ಅವಳ ಮೇಲಿದ್ದ ಸಿಟ್ಟು ಇಳಿದು, ನಾನು ಸಿಟ್ಟು ಮಾಡಬೇಕಾದವರು ಬೇರೆ ಎಲ್ಲೋ ಇದ್ದಾರೆ ಎನಿಸತೊಡಗಿತು.

ಮಕ್ಕಳೇ, ನೀವು ಬೀದರದ ಮೈಲೂರಿನ ಮನೆಯ ಬಾಗಿಲಲ್ಲೇ ಹಳದಿ ವ್ಯಾನು ಹತ್ತುತ್ತೀರಿ. ನಿಮಗೆ ಗಣಿತಕ್ಕೆ ಒಬ್ಬರು, ವಿಜ್ಞಾನಕ್ಕೆ ಒಬ್ಬರು, ಚಿತ್ರ ಬಿಡಿಸಲೂ ಒಬ್ಬರು. ನಿಮ್ಮ ಅಮ್ಮ, ನನ್ನ ಮಗಳು, ಮಾತ್ರ ಕಮಠಾಣದ ಕಡೆಯ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ವರ್ಷ ವರ್ಷವೂ ಹೊಸದಾಗಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಕೆಲಸ. ಅಲ್ಲಿ ಈಗಲೂ ಎರಡು ತರಗತಿ ಒಂದು ಕೋಣೆಯಲ್ಲಿ ಕೂರುತ್ತವೆ. ಹಳ್ಳಕ್ಕೆ ಸೇತುವೆ ಬಂತು, ಜೇಬಿಗೆ ಫೋನು ಬಂತು, ಖಾಲಿ ಜಾಗಗಳು ಮಾತ್ರ ಖಾಲಿಯೇ ಉಳಿದವು. ಅದಕ್ಕೇ ಅವಳು ಈ ವಾರವೆಲ್ಲ ಬೀದರದ ಆ ಕಚೇರಿಯ ಮುಂದೆ ಕೂತಿದ್ದಾಳೆ, ಅದಕ್ಕೇ ನೀವಿಬ್ಬರೂ ಊಟ ಬಿಟ್ಟು ಮುಖ ಊದಿಸಿಕೊಂಡಿದ್ದೀರಿ.

ಸಂಜೆ ಅವಳು ಬಂದಾಗ ನಗುತ್ತಲೇ ಇರಿ ಎಂದು ನಾನು ಹೇಳುವುದಿಲ್ಲ. ನೀನು ನಮಗೆ ಬೇಕು ಎಂದು ಬಾಯಿಬಿಟ್ಟು ಹೇಳಿ. ನಾಳೆ ಅವಳು ಅದನ್ನೂ ಆ ಕಚೇರಿಯ ಮುಂದೆ ಹೇಳುತ್ತಾಳೆ, ನಮ್ಮ ಅವ್ವ ಹೇಳಿದ ಹಾಗೆ.