ಅರಿಶಿನ ದಾರದ ವೈರು

ನಾಗಮಲ್ಲಪ್ಪ ಮೇಷ್ಟ್ರು ತಾವು ಮಾಡಿದ ಪ್ರತಿ ನೆಟ್‌ವರ್ಕ್ ವೈರಿನ ಎರಡೂ ತುದಿಗೆ ಅರಿಶಿನದ ದಾರ ಕಟ್ಟುತ್ತಿದ್ದರು, ಮದುವೆ ಗಂಡಿಗೆ ಕಂಕಣ ಕಟ್ಟುವ ಹಾಗೆ. ನಂಜನಗೂಡಿನ ಯಾವ ಅಂಗಡಿಯಲ್ಲಿ ಆ ದಾರ ಕಂಡರೂ ಅದು ಅವರದೇ ಕೆಲಸ. ಶಿಷ್ಯರು ಕಟ್ಟುವಂತಿರಲಿಲ್ಲ. "ಅದು ನನ್ ಸೈನು ಕಣ್ಲಾ" ಅನ್ನುತ್ತಿದ್ದರು.

ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಅವರ ಕ್ಲಾಸು. ನಾನು ಕವಲಂದೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಾಠ ಹೇಳುವುದರಲ್ಲಿ ಅವರಂಥವರನ್ನು ನಾನು ಕಂಡಿಲ್ಲ, ಇಷ್ಟು ಸಿಟ್ಟಿದ್ದರೂ ಹೇಳುತ್ತೇನೆ. "ಎಲ್ಲಾ ವೈರೂ ಬಂದು ಸೇರೋ ಈ ಸ್ವಿಚ್ ಡಬ್ಬಕ್ಕೆ ಮನೇವ್ರ ಗುರ್ತು ಮಾತ್ರ ಇರ್ತದೆ. ಊರಾಚೆಗೆ ಓಗ್ಬೇಕಾ, ರೂಟರ್ನ ದಾರಿ ಕೇಳ್ಬೇಕು. ವೈಫೈ ಡಬ್ಬನ ಬೀರು ಹಿಂದೆ ಇಟ್ರೆ ಕಂಬ್ಳಿ ಒದ್ಕಂಡು ಕೂಗ್ದಂಗೆ." ಒಂದೇ ವೈರಿನ ಎರಡು ತುದಿಯನ್ನೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿ, ಕೋಣೆಯ ಕಂಪ್ಯೂಟರುಗಳನ್ನೆಲ್ಲ ಮಲಗಿಸಿ ತೋರಿಸುತ್ತಿದ್ದರು. "ಇದೇ ಲೂಪು. ಒಂದೇ ಮಾತು ಒಳಗೊಳಗೇ ಸುತ್ತಿ, ಬ್ಯಾರೆ ಮಾತ್ಗೆ ಜಾಗನೇ ಇಲ್ದಂಗಾಯ್ತದೆ."

ನಾನು ಸ್ವಂತವಾಗಿ ಹಿಡಿದ ಮೊದಲ ಕೆಲಸ ಟಿ. ನರಸೀಪುರದ ಒಂದು ಬಟ್ಟೆ ಅಂಗಡಿ. ಬಿಲ್ಲಿಂಗ್ ಕಂಪ್ಯೂಟರುಗಳಿಗೆ ವೈರು ಎಳೆದು, ಎಲ್ಲ ಪರೀಕ್ಷಿಸಿ ಆಫ್ ಮಾಡಿದ್ದೆ. ಬೆಳಿಗ್ಗೆ ಪೂಜೆಯಾದ ಮೇಲೆ ಆನ್ ಮಾಡುವುದೆಂದು ಮಾಲೀಕರ ಮಾತು. ಆ ಸಂಜೆ ಮೇಷ್ಟ್ರು ಕರೆಯದೆಯೇ ಬಂದರು. "ಶಿಷ್ಯನ ಕೆಲ್ಸ ನೋಡ್ಬೇಡ್ವಾ" ಎಂದು ಸ್ವಿಚ್ಚಿನ ಮುಂದೆ ನಿಂತರು. ನಾನು ಹಿಗ್ಗಿ ಹೀರೇಕಾಯಾಗಿ ಕಾಫಿ ತರಲು ಓಡಿದೆ.

ಬೆಳಿಗ್ಗೆ ಆನ್ ಮಾಡಿದರೆ ಬಿಲ್ಲಿಂಗೆಲ್ಲ ನಿಂತುಹೋಯಿತು. ಸೀರೆ ಹಿಡಿದು ನಿಂತ ಹೆಂಗಸರ ಮುಂದೆ ಬೆವರುತ್ತ ನನ್ನ ವೈರುಗಳನ್ನೇ ತಡಕಾಡಿದೆ. ಒಂದು ಹೆಚ್ಚಿಗೆ ಇದ್ದೀತೆಂದು ಹೊಳೆಯಲಿಲ್ಲ. ಮಾಲೀಕರು ಮೇಷ್ಟ್ರಿಗೆ ಫೋನು ಮಾಡಿದರು. ಅವರು ಬಂದವರೇ ಒಂದು ವೈರು ಕಿತ್ತು ಬಿಸಾಕಿದರು, ಎಲ್ಲ ನಡೆಯಿತು. "ಉಡ್ಗ ಲೂಪ್ ಮಾಡ್ಬುಟ್ಟವ್ನೆ. ಇನ್ಮೇಲೆ ನನ್ನೇ ಕರೀರಿ ಸಾ" ಅಂದರು. ನರಸೀಪುರದಲ್ಲಿ ಆಮೇಲೆ ನನಗೆ ಯಾರೂ ಕೆಲಸ ಕೊಡಲಿಲ್ಲ.

ಬಿಸಾಕಿದ ವೈರನ್ನು ಎತ್ತಿಕೊಂಡೆ. ಎರಡೂ ತುದಿಗೆ ಅರಿಶಿನದ ದಾರವಿತ್ತು. ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಎಷ್ಟೋ ವರ್ಷದ ಮೇಲೆ ಅವರು ಹಾಸಿಗೆ ಹಿಡಿದಾಗ ಆ ವೈರನ್ನು ಬ್ಯಾಗಿನಲ್ಲಿಟ್ಟುಕೊಂಡೇ ನೋಡಲು ಹೋದೆ. ಮುಖದೆದುರು ಹಿಡಿದು 'ಯಾಕೆ ಸಾ?' ಎಂದು ಕೇಳಬೇಕಿತ್ತು, ಅಷ್ಟೆ. ನನ್ನನ್ನು ಕಂಡು ಅವರ ಮುಖ ಅರಳಿತು. ಮಗಳಿಗೆ ಹೇಳಿದರು: "ಇವ್ನೇ ಕಣವ್ವ, ನಮ್ ಕವಲಂದೆ ಉಡ್ಗ. ನರಸೀಪುರದಲ್ಲಿ ಲೂಪ್ ಮಾಡಿ ಅಂಗ್ಡಿ ಮಲಗ್ಸಿದ್ದ. ಪಾಪ, ನಾನೇ ಓಗಿ ಮಾನ ಉಳಿಸ್ದೆ. ಅಲ್ವೇನ್ಲಾ?"

ಕಣ್ಣಲ್ಲಿ ಕಪಟವಿರಲಿಲ್ಲ. ಹೇಳಿ ಹೇಳಿ ಅವರೇ ನಂಬಿಬಿಟ್ಟಿದ್ದರು. ಬ್ಯಾಗಿನೊಳಗೆ ದಾರದ ಗಂಟು ಬೆರಳಿಗೆ ಸಿಕ್ಕಿತ್ತು. "ಹೂಂ ಸಾ" ಅಂದೆ.

ಅವರ ಮಣ್ಣಿಗೆ ಹೋದಾಗ ನೆರೆದವರು ಅದೇ ಕಥೆ ಹೇಳಿಕೊಂಡು ನನ್ನ ಕಡೆ ನೋಡಿ ನಕ್ಕರು. ಅದು ಸುಳ್ಳೆಂದು ಬಲ್ಲವನು ಈಗ ನಾನೊಬ್ಬನೇ.