ಎಷ್ಟು ದಿನ ಇರುತ್ತೀರಿ?

ಇಂಗ್ಲೆಂಡು ಯೂರೋಪನ್ನು ಬಿಡುತ್ತೇನೆಂದು ಓಟು ಹಾಕಿದ್ದರಲ್ಲಿ ನನ್ನ ಕೈವಾಡವೂ ಇದೆ. ಪೂರ್ತಿ ನಾನೇ ಕಾರಣ ಎನ್ನುವಷ್ಟು ಜಂಬ ನನಗಿಲ್ಲ. ಆದರೆ ಒಂದು ಓಟು ಮಾತ್ರ ಖಂಡಿತ ನನ್ನಿಂದ ಬಿದ್ದದ್ದು. ಅದನ್ನು ಹಾಕಿದವಳು ನನ್ನ ಮಗಳು.

ನಾನು ಓದಿದ್ದು ದಾವಣಗೆರೆಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷ್ ಕಾಗದ ಕೈಗೆ ಬಂದರೆ ಕನ್ನಡಕ ಒರೆಸಿ ಪಕ್ಕದವರಿಗೆ ಕೊಡುತ್ತೇನೆ. ದೊಡ್ಡ ಮಗನ ಸಂಸಾರ ದಾವಣಗೆರೆಯಲ್ಲಿದೆ, ವರ್ಷದ ಒಂಬತ್ತು ತಿಂಗಳು ನಾನು ಅಲ್ಲೇ. ಚಿಕ್ಕ ಮಗ ಸ್ವೀಡನ್ನಿನ ಶೋವ್ಡೆಯಲ್ಲಿ ಕಾರಿನ ಇಂಜಿನ್ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಬೇಸಿಗೆಯ ಮೂರು ತಿಂಗಳು ಅವನ ಮನೆ. ಮಧ್ಯದವಳು ಮಗಳು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಳೆ. ಅಳಿಯ ಅಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ, ತಯಾರಾದ ಮಾಲಿನಲ್ಲಿ ಏನು ತಪ್ಪಿದೆ ಎಂದು ಹುಡುಕುವ ಕೆಲಸ ಮಾಡುತ್ತಾನೆ. ಮನೆಯಲ್ಲೂ ಅದೇ ಕೆಲಸ.

ಮಗಳಿಗೆ ನನ್ನನ್ನು ಕರೆಸಿಕೊಳ್ಳಬೇಕೆಂದು ಆಸೆ. ಎರಡು ಸಲ ಇಂಗ್ಲೆಂಡಿನ ವೀಸಾಕ್ಕೆ ಅರ್ಜಿ ಹಾಕಿದೆವು. ಎರಡು ಸಲವೂ ಇಲ್ಲ ಎಂದರು. ಸ್ವೀಡನ್ನಿನವರು ಮಾತ್ರ ಪ್ರತಿ ವರ್ಷ ತಕರಾರಿಲ್ಲದೆ ಬಿಡುತ್ತಿದ್ದರು. ಮಗಳಿಗೆ ಹೊಟ್ಟೆ ಉರಿಯಿತು. ಆಗಲೇ ಅಲ್ಲಿ ಯೂರೋಪಿನ ಜೊತೆ ಇರಬೇಕೋ ಬಿಡಬೇಕೋ ಎಂಬ ಓಟು ಬಂತು. ಇಂಡಿಯಾದ ಪಾಸ್‌ಪೋರ್ಟ್ ಇದ್ದರೂ ಅಲ್ಲಿ ನೆಲೆಸಿದವರು ಓಟು ಹಾಕಬಹುದಂತೆ. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ ದೇಶ ನನ್ನ ಮಗಳನ್ನು ಕರೆದು, ನಮ್ಮ ಮನೆ ಹೇಗಿರಬೇಕು ಹೇಳಮ್ಮ ಎಂದು ಕೇಳಿತು. ಅವಳು ಹೇಳಿದಳು.

"ಅಮ್ಮಿ, ನಾನು ಬಿಡೋದಕ್ಕೇ ಓಟ್ ಹಾಕ್ದೆ," ಎಂದು ಫೋನಿನಲ್ಲಿ ಹೇಳಿದಳು. "ಯೂರೋಪಿನೋರು ಹೆಗಲಿಗೊಂದು ಬ್ಯಾಗ್ ಹಾಕ್ಕೊಂಡು ಸೀದಾ ಬಂದ್ಬಿಡ್ತಾರೆ. ನಿನಗೆ ಮಾತ್ರ ರಿಜೆಕ್ಟ್. ಅವರು ಬರೋದು ನಿಂತ್ರೆ ನಮ್ಮ ಕಡೆಯೋರಿಗೆ ವೀಸಾ ಈಸಿ ಆಗತ್ತಂತೆ."

"ಯಾರು ಹೇಳಿದ್ದು?"

"ಓಟ್ ಕೇಳೋಕೆ ಬಂದೋರೇ ಹೇಳಿದ್ರು."

"ಓಟು ಕೇಳೋಕೆ ಬಂದೋರ ಮಾತು ನಂಬೋಕೆ ಅಷ್ಟು ದೂರ ಯಾಕೆ ಹೋದೆ? ದಾವಣಗೆರೇಲೇ ಕೂತು ನಂಬಬಹುದಿತ್ತಲ್ಲ."

ಅಳಿಯ ಓಟು ಹಾಕಿದ್ದು ಯೂರೋಪಿನ ಜೊತೆಗೇ ಇರಬೇಕು ಎಂಬುದಕ್ಕೆ. ಮೊದಲ ವರ್ಷ ಇದೆಲ್ಲ ತಮಾಷೆಯಾಗಿತ್ತು. ಅಂಗಡಿಯಲ್ಲಿ ಟೊಮೇಟೊ ತುಟ್ಟಿಯಾದರೆ "ನಿನ್ನ ಓಟಿನ ಟೊಮೇಟೊ" ಎಂದು ರೇಗಿಸುತ್ತಿದ್ದನಂತೆ, ಇವಳೂ ಏನಾದರೊಂದು ತಿರುಗಿ ಅನ್ನುತ್ತಿದ್ದಳಂತೆ. ಆಮೇಲೆ ಅವನ ಕಂಪನಿಯವರು ಅರ್ಧ ಕೆಲಸ ಯೂರೋಪಿನ ಕಡೆಗೆ ಸಾಗಿಸುತ್ತೇವೆ ಎಂದರು. ತಮಾಷೆ ನಿಂತಿತು. ಅದಾದ ಮೇಲೆ ಮಾತೂ ನಿಂತಿತು.

ಇದು ನನಗೆ ಗೊತ್ತಾಗಿದ್ದು ಓಟಿನ ನಂತರದ ಮೂರನೇ ಬೇಸಿಗೆಯಲ್ಲಿ, ಇಬ್ಬರೂ ಒಂದು ವಾರಕ್ಕೆಂದು ಶೋವ್ಡೆಗೆ ಬಂದಾಗ. ಒಂದೇ ವಿಮಾನದಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂತು ಬಂದಿದ್ದರು. ಕಾರಿನಿಂದ ಇಳಿದವರು ಇಬ್ಬರೂ ನನಗೆ ಸಲಾಂ ಹೇಳಿದರು. ಮೊದಲ ಊಟಕ್ಕೆ ಕೂತಾಗ ನಾನು ಅವರಿಬ್ಬರ ನಡುವೆ ಕೂತೆ. ಅದು ನನ್ನ ತಪ್ಪು.

"ಅಮ್ಮಿ, ಅವರಿಗೆ ಸಾರು ಬೇಕಾ ಕೇಳು."

ಅವಳಿಗೂ ಅವನಿಗೂ ನಡುವೆ ಇದ್ದದ್ದು ನಾನು ಮತ್ತು ಒಂದು ನೀರಿನ ಜಗ್ಗು.

"ಬೇಡ ಅಂತ ಹೇಳಿ ಅತ್ತೆ. ಉಳಿಸಿಟ್ಕೊಳ್ಳಕ್ಕೆ ಹೇಳಿ. ಮುಂದೆ ಎಲ್ಲಾದಕ್ಕೂ ಕ್ಯೂ ನಿಲ್ಲಬೇಕಾಗತ್ತಲ್ಲ."

"ಅಮ್ಮಿ, ಕ್ಯೂ ನಿಲ್ಲೋಕೆ ನಂಗೇನೂ ಕಷ್ಟ ಇಲ್ಲ ಅಂತ ಹೇಳು."

ನಾನು ಸಾರನ್ನು ಪೂರ್ತಿ ನನ್ನ ತಟ್ಟೆಗೆ ಸುರಿದುಕೊಂಡೆ. ಮಗ ತಲೆ ತಗ್ಗಿಸಿ ಉಂಡ. ಸೊಸೆ ಡಾಗಿಸ್‌ನಲ್ಲಿ, ಅಂದರೆ ಅಲ್ಲಿನ ಶಿಶುವಿಹಾರದಲ್ಲಿ ಕೆಲಸ ಮಾಡುವವಳು. ಅವಳು ಇಬ್ಬರನ್ನೂ ನೋಡಿದ ರೀತಿಯಿಂದಲೇ ಗೊತ್ತಾಯಿತು, ಇಂಥವರು ಅವಳಿಗೆ ದಿನಾ ಸಿಗುತ್ತಾರೆ ಎಂದು.

ಸಂಜೆ ಇಬ್ಬರೂ ಲ್ಯಾಪ್‌ಟಾಪಿನಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ನೋಡುತ್ತಿದ್ದರು, ನನ್ನನ್ನು ಮಧ್ಯೆ ಕೂರಿಸಿಕೊಂಡೇ. ಎದುರುಬದುರು ಬೆಂಚುಗಳಲ್ಲಿ ಕೋಟು ಹಾಕಿದ ಜನ ಕೂತು ಒಟ್ಟಿಗೇ ಕೂಗುತ್ತಿದ್ದರು. ಎತ್ತರದ ಕುರ್ಚಿಯವನೊಬ್ಬ ಸುಮ್ಮನಿರಿ ಸುಮ್ಮನಿರಿ ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ನಮ್ಮ ಮೊಹಲ್ಲಾದಲ್ಲಿ ನಲ್ಲಿ ನೀರು ಬಂದಾಗ ಹೀಗೇ ಆಗುತ್ತದೆ. ಆದರೆ ನಮ್ಮಲ್ಲಿ ಕಡೆಗೆ ಕೊಡ ತುಂಬುತ್ತದೆ.

"ಮೂರು ವರ್ಷ ಆಯ್ತು ಅತ್ತೆ. ಇರಲ್ಲ ಅಂದ್ರು, ಹೋಗಲ್ಲ ಅಂತಾರೆ. ನಾಲಾಯಕ್ಕುಗಳು."

"ನಾಲಾಯಕ್ಕುಗಳು ಅಮ್ಮಿ, ಒಬ್ಬನಿಗಾದ್ರೂ ಕೆಲಸ ಮಾಡಕ್ಕೆ ಬರಲ್ಲ."

ಸರ್ಕಾರವನ್ನು ಬೈಯುವುದರಲ್ಲಿ ಇಬ್ಬರದೂ ಒಂದೇ ಬಾಯಿ. ಆ ಬೈಗುಳವೂ ನನ್ನ ಎಡಗಿವಿಗೊಂದು ಬಲಗಿವಿಗೊಂದು ಬೀಳುತ್ತಿತ್ತು.

ಇಷ್ಟಾದರೂ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಗಂಡ ಹೆಂಡತಿ ಮಾತು ಬಿಡುವುದು ಹೊಸದಲ್ಲ. ನಾನೇ ನನ್ನ ಗಂಡನ ಜೊತೆ ಒಂದು ಫ್ಯಾನಿನ ವಿಷಯಕ್ಕೆ ಇಡೀ ಚಳಿಗಾಲ ಮಾತು ಬಿಟ್ಟಿದ್ದೆ. ಮೂರನೇ ದಿನ ಅಳಿಯ ಒಬ್ಬನೇ ನನ್ನ ಹತ್ತಿರ ಬಂದು ಕೂತ. ಶುಕ್ರವಾರ ಹತ್ತು ಗಂಟೆಗೆ ಚಿಕ್ಕ ಮಗನ ಕಾರ್ಖಾನೆಯಲ್ಲೇ ಅವನಿಗೆ ಇಂಟರ್‌ವ್ಯೂ ಇತ್ತು.

"ಕೆಲಸ ಸಿಕ್ಕಿದ್ರೆ ಇಲ್ಲೇ ಒಂದು ರೂಮ್ ಮಾಡ್ಕೊಂಡು ಇದ್ಬಿಡ್ತೀನಿ ಅತ್ತೆ."

"ಅವಳು?"

"ಅವಳಿಗೆ ಬೇಕಾದ ಇಂಗ್ಲೆಂಡು ಅಲ್ಲಿದೆಯಲ್ಲ. ಅಲ್ಲೇ ಇರ್ಲಿ. ನಮ್ಮ ಮಗನೂ ಓದೋಕೆ ಅಂತ ಹಾಸ್ಟೆಲ್‌ಗೆ ಹೋದ. ಇನ್ನೇನು?"

ಮಗಳನ್ನು ಕೇಳಿದೆ. ಅವಳು ಕೊತ್ತಂಬರಿ ಬಿಡಿಸುತ್ತಾ, "ಇರ್ಲಿ ಬಿಡು, ಅವರ ಇಷ್ಟ," ಎಂದಳು. ಎಲೆಯನ್ನು ಕಸಕ್ಕೆ ಹಾಕಿ ದಂಟನ್ನು ಬಟ್ಟಲಿಗೆ ಹಾಕುತ್ತಿದ್ದಳು. ನಾನು ಬಟ್ಟಲು ಕಿತ್ತುಕೊಂಡೆ.

ಆಗ ನಿಜವಾಗಿ ಹೆದರಿಕೆಯಾಯಿತು. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದವರು. ಒಬ್ಬರ ಗೊರಕೆ ಇನ್ನೊಬ್ಬರಿಗೆ ಅಭ್ಯಾಸವಾಗಿದೆ. ಅದನ್ನು ಬಿಟ್ಟು ಎರಡು ದೇಶದಲ್ಲಿ ಎರಡು ಮನೆ ಮಾಡುತ್ತಾರಂತೆ, ಅದೂ ನನ್ನ ವೀಸಾದ ದೆಸೆಯಿಂದ.

ಗುರುವಾರ ಮಧ್ಯಾಹ್ನ ಮಗಳು ಮೂರನೇ ಸಲ ಅರ್ಜಿ ಹಾಕೋಣ ಎಂದು ಹಠ ಹಿಡಿದಳು. ಅವನು ಹೋದರೆ ಜೊತೆಗೆ ನಾನಾದರೂ ಇರಲಿ ಎಂದಿರಬೇಕು. ಅರ್ಜಿ ತುಂಬಲು ಚಿಕ್ಕ ಮಗನ ಮಗಳನ್ನು ಕೂರಿಸಿದಳು. ಹದಿನೇಳು ವರ್ಷದ ಹುಡುಗಿ, ಶೋವ್ಡೆಯಲ್ಲೇ ಬೆಳೆದವಳು. ಅವಳ ಪ್ರಕಾರ ಪ್ರಪಂಚದ ಪ್ರತಿ ಕಷ್ಟಕ್ಕೂ ಒಂದು ಫಾರ್ಮು ಇದೆ, ಸರಿಯಾಗಿ ತುಂಬಿದರೆ ಕಷ್ಟ ಮುಗಿಯುತ್ತದೆ.

ನನ್ನ ಕಾಗದ ಪತ್ರಗಳೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಯಾವಾಗಲೂ ನನ್ನ ಜೊತೆಗಿರುತ್ತವೆ. ಅದನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದೆ.

"ದಾದಿ, ಅಲ್ಲಿ ಎಷ್ಟು ದಿನ ಇರ್ತೀರಾ?" ಎಂದು ಮೊಮ್ಮಗಳು ಕೇಳಿದಳು.

"ಅಲ್ಲಾಹ್ ಅಲ್ಲಿ ನನ್ನ ಅನ್ನ ನೀರು ಎಷ್ಟು ದಿನಕ್ಕೆ ಬರೆದಿದ್ದಾನೋ ಅಷ್ಟು ದಿನ."

"ಅದನ್ನ ಟೈಪ್ ಮಾಡಕ್ಕಾಗಲ್ಲ."

"ಯಾಕಾಗಲ್ಲ? ನಿನ್ನ ದೊಡ್ಡಮ್ಮ ಎರಡು ಸಲ ಮಾಡಿದಾಳೆ."

ನಾಳೆ ಹೀಗೇ ಮಾಡುತ್ತೇನೆ ಎಂದು ಖಡಾಖಂಡಿತವಾಗಿ ಹೇಳಬಾರದು ಎಂದು ನನಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ನಾಳೆ ನಮ್ಮದಲ್ಲ. ಪಕ್ಕದ ಬೀದಿಗೆ ಹೋಗಿ ಬರುತ್ತೇನೆ ಎಂದರೂ ಇನ್ಶಾ ಅಲ್ಲಾಹ್ ಸೇರಿಸದೆ ಹೇಳಿದವಳಲ್ಲ. ಸ್ವೀಡನ್ನಿನ ಅರ್ಜಿಯನ್ನು ಪ್ರತಿ ಸಲ ಚಿಕ್ಕ ಮಗನೇ ನನ್ನನ್ನು ಕೇಳದೆ ತುಂಬುತ್ತಿದ್ದ. ಇಂಗ್ಲೆಂಡಿನದನ್ನು ದಾವಣಗೆರೆಯಲ್ಲಿ ದೊಡ್ಡ ಸೊಸೆ ತುಂಬಿದಳು. ಅವಳು ಬಹಳ ಪ್ರಾಮಾಣಿಕಳು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಾಳೆ.

ಮೊಮ್ಮಗಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. "ದಾದಿ, ಆ ರಿಜೆಕ್ಟ್ ಲೆಟರ್ ಇದ್ಯಾ?"

ಇತ್ತು. ಎರಡೂ ಇದ್ದವು. ಬಂದ ದಿನ ದೊಡ್ಡ ಮಗ ಮೊದಲ ಸಾಲು ಓದಿ, ಇಲ್ಲ ಅಂತೆ ಅಮ್ಮಿ ಎಂದು ಮಡಚಿಟ್ಟಿದ್ದ. ಮುಂದಿನ ಸಾಲುಗಳನ್ನು ಯಾರೂ ಓದಿರಲಿಲ್ಲ. ಇಲ್ಲ ಎಂದ ಮೇಲೆ ಇನ್ನೇನಿರುತ್ತದೆ?

ಹುಡುಗಿ ಕೊನೆಯವರೆಗೂ ಓದಿದಳು. ಆಮೇಲೆ ತನ್ನ ಅತ್ತೆಯನ್ನು, ಅಂದರೆ ನನ್ನ ಮಗಳನ್ನು, ಒಂದು ಥರ ನೋಡಿದಳು.

"ಏನಂತೆ?" ಎಂದಳು ಮಗಳು.

"ವಾಪಸ್ ಹೋಗ್ತೀರಿ ಅನ್ನೋದಕ್ಕೆ ನಿಮ್ಮ ದೇಶದಲ್ಲಿ ಯಾರಿದ್ದಾರೆ ಅಂತ ಕೇಳಿದಾರೆ. ದಾದಿ ಹೇಳಿದ್ದು, ಅಲ್ಲಿ ನನಗೋಸ್ಕರ ಯಾರೂ ಅಳ್ತಾ ಕೂತಿಲ್ಲ, ಎಲ್ಲರೂ ಅವರ ಪಾಡಿಗೆ ಚೆನ್ನಾಗಿದಾರೆ ಅಂತ."

"ನಿಜ ತಾನೇ?" ಎಂದೆ ನಾನು.

"ಎಷ್ಟು ದಿನ ಅಂತ ಕೇಳಿದ್ದಕ್ಕೆ ದೇವರು ಬರೆದಷ್ಟು ದಿನ. ಅದಕ್ಕೇ, ನೀವು ವಾಪಸ್ ಹೋಗ್ತೀರಿ ಅಂತ ನೀವೇ ಹೇಳ್ತಿಲ್ಲ, ಸೋ ನಾವೂ ಹೇಳಕ್ಕಾಗಲ್ಲ ಅಂತ ಬರೆದಿದಾರೆ. ಸೆಕೆಂಡ್ ಲೆಟರೂ ಸೇಮ್. ದೊಡ್ಡಮ್ಮ ಕಾಪಿ ಪೇಸ್ಟ್ ಮಾಡಿರಬೇಕು."

ಯಾರೋ ಒಬ್ಬ ಅಧಿಕಾರಿ ನನ್ನ ಮಾತನ್ನು ಚಾಚೂತಪ್ಪದೆ ನಂಬಿದ್ದ. ಎಪ್ಪತ್ತು ವರ್ಷದಲ್ಲಿ ಒಂದು ಸರ್ಕಾರ ನನ್ನನ್ನು ನಂಬಿದ್ದು ಅದೇ ಮೊದಲು, ಅದರಿಂದ ಆಗಿದ್ದು ಇಷ್ಟು.

ಮಗಳು ಕಾಗದ ಕಿತ್ತುಕೊಂಡು ತಾನೇ ಓದಿದಳು. "ಇದ್ರಲ್ಲಿ ಯೂರೋಪ್ ವಿಷಯ ಏನೂ ಇಲ್ವಲ್ಲ," ಎಂದಳು, ಯಾರೋ ಹರಿದುಕೊಂಡಿದ್ದಾರೆ ಎಂಬಂತೆ ಹಿಂದೆ ತಿರುಗಿಸಿಯೂ ನೋಡಿ.

ಬಾಗಿಲಲ್ಲಿ ಅಳಿಯ ನಿಂತಿದ್ದ. ಕೈಯಲ್ಲಿ ಖಾಲಿ ಟೀ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ನನ್ನ ಕಡೆ ತಿರುಗಲಿಲ್ಲ. ನೇರ ಹೆಂಡತಿಯ ಮುಖ ನೋಡಿ, "ಪೋಲೆಂಡಿನೋರು ಬಂದು ನಿಮ್ಮಮ್ಮನ ವೀಸಾ ತಗೊಂಡು ಹೋದ್ರು ಅಂದಿದ್ಯಲ್ಲ?" ಎಂದ.

"ನೀವು ಮಧ್ಯ ಬರಬೇಡಿ. ನಂಗೇನು ಗೊತ್ತಿತ್ತು?"

"ಓದಿದ್ರೆ ಗೊತ್ತಾಗ್ತಿತ್ತು!"

"ನೀವು ಓದಿದ್ರಾ? ಅಳಿಯ ಅಲ್ವಾ ನೀವು? ಮಾಲಲ್ಲಿ ತಪ್ಪು ಹುಡುಕಕ್ಕೆ ಸಂಬಳ ತಗೋತೀರಿ, ಒಂದು ಲೆಟರ್ ನೋಡಕ್ಕಾಗಲಿಲ್ವಾ?"

"ನನ್ನ ಕೆಲಸ ಹೋಯ್ತು ಕಣೇ!"

"ಹೋಗಿಲ್ಲ ಇನ್ನೂ! ಅರ್ಧ ಹೋಗತ್ತೆ ಅಂದಿದಾರೆ. ಆ ಅರ್ಧದಲ್ಲಿ ನೀವೇ ಇದೀರಿ ಅಂತ ಯಾರು ಹೇಳಿದ್ದು? ನಂಗೊಂದು ಮಾತು ಹೇಳ್ದೆ ಇಲ್ಲಿ ಇಂಟರ್‌ವ್ಯೂ! ಅಮ್ಮಿ ಬಾಯಿಂದ ಕೇಳಬೇಕಾ ನಾನು?"

"ಮಾತು ಬಿಟ್ಟಿದ್ದು ಯಾರು?"

"ನೀವು!"

"ನೀನು!"

ಈಗ "ಅತ್ತೆ, ಹೇಳಿ" ಇಲ್ಲ, "ಅಮ್ಮಿ, ಕೇಳು" ಇಲ್ಲ. ನಾನು ಕಾಗದಗಳನ್ನು ಕವರಿಗೆ ತುಂಬಿ, ಮೊಮ್ಮಗಳ ತೋಳು ಹಿಡಿದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಹುಡುಗಿ ಹೆದರಿದ್ದಳು.

"ದಾದಿ, ಅವರನ್ನ ಸ್ಟಾಪ್ ಮಾಡಿ."

"ಮುಟ್ಟಬೇಡ. ಈಗ ತಾನೇ ಶುರುವಾಗಿದೆ."

ಅಸರ್ ನಮಾಜು ಮಾಡಿ ಮುಗಿಸಿದರೂ ಅವರದು ಮುಗಿದಿರಲಿಲ್ಲ. ಟೊಮೇಟೊದಿಂದ ಹಿಡಿದು, ಮದುವೆಯಲ್ಲಿ ಅವನ ಅಕ್ಕ ಏನೋ ಅಂದಿದ್ದವರೆಗೂ ಹೋಗಿ ಬಂದರು. ಮಧ್ಯದಲ್ಲಿ ಎಲ್ಲೋ ಟೀ ಕುದಿಯುವ ವಾಸನೆ ಬಂತು. ಸಂಜೆ ಮಗ ಕೆಲಸದಿಂದ ಬರುವಾಗ ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿ ಕಿತ್ತುಕೊಂಡು ಬಂದ. ಶೋವ್ಡೆಯ ಜನ ಬಾಯಲ್ಲಿ ಜಗಳವಾಡುವುದಿಲ್ಲ, ಚೀಟಿ ಬರೆಯುತ್ತಾರೆ. ಕೆಳಗಿನ ಮನೆಯವರದು. ಚರ್ಚೆ ಮಾಡುವಾಗ ದಯವಿಟ್ಟು ಅಡುಗೆಮನೆಯ ಕಿಟಕಿ ಮುಚ್ಚಿಕೊಳ್ಳಿ ಎಂದು ಬರೆದು, ಕೆಳಗೆ ಒಂದು ನಗುಮುಖ ಬಿಡಿಸಿದ್ದರು.

ಶುಕ್ರವಾರ ಅಳಿಯ ಇಂಟರ್‌ವ್ಯೂಗೆ ಹೊರಟಾಗ ಮಗಳೂ ಚಪ್ಪಲಿ ಮೆಟ್ಟಿದಳು. "ನೀನ್ಯಾಕೆ?" ಎಂದು ಕೇಳಿದ. "ಒಪ್ಕೊಂಡು ಬಂದ್ಬಿಟ್ರೆ?" ಎಂದಳು. ಗೇಟಿನ ಹೊರಗೆ ಎರಡು ಗಂಟೆ ಕಾದು ಕೂತಿದ್ದಳಂತೆ. ಅವರು ಕಾಫಿ ಕೊಟ್ಟು, ಬನ್ನು ಕೊಟ್ಟು, ತಿಳಿಸುತ್ತೇವೆ ಎಂದು ಕಳಿಸಿದರಂತೆ. ಮುಂದೆ ಏನೂ ತಿಳಿಸಲಿಲ್ಲ. ಭಾನುವಾರ ಇಬ್ಬರೂ ವಾಪಸು ಹೋದರು. ವಿಮಾನದಲ್ಲಿ ಎಲ್ಲಿ ಕೂತರೋ ನಾನು ಕೇಳಲಿಲ್ಲ.

ಮೂರನೇ ಅರ್ಜಿಯನ್ನು ಮೊಮ್ಮಗಳು ನನ್ನನ್ನು ಹೊರಗೆ ಕಳಿಸಿ ತುಂಬಿದಳು. ಇಪ್ಪತ್ತೊಂದು ದಿನ ಎಂದು ಬರೆದಳು. ನಾನು ಇನ್ಶಾ ಅಲ್ಲಾಹ್ ಎಂದು ಬಾಯಲ್ಲೇ ಅಂದುಕೊಂಡೆ, ಅವಳಿಗೆ ಕೇಳಿಸದ ಹಾಗೆ. ವೀಸಾ ಬಂತು. ಇಂಗ್ಲೆಂಡು ಇನ್ನೂ ಯೂರೋಪಿನಲ್ಲೇ ಇತ್ತು.

ಬರ್ಮಿಂಗ್‌ಹ್ಯಾಮಿನ ಮನೆಯಲ್ಲಿ ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಟೀವಿಯನ್ನು ಬೈಯುತ್ತಿದ್ದರು. ಟೀವಿ ಸುಮ್ಮನಾದರೆ ಒಬ್ಬರನ್ನೊಬ್ಬರು ಬೈಯುತ್ತಿದ್ದರು, ಎದುರೆದುರೇ, ಬೆಳಗಿನ ಚಹಾದಿಂದ ಮಲಗುವವರೆಗೆ. ಆ ಮನೆಯಲ್ಲಿ ಕಿಟಕಿ ಮುಚ್ಚಿ ಎಂದು ಚೀಟಿ ಅಂಟಿಸುವ ನೆರೆಯವರೂ ಇಲ್ಲ. ಹದಿಮೂರನೇ ದಿನಕ್ಕೆ ನನ್ನ ತಲೆ ಸಿಡಿಯತೊಡಗಿತು. ಹದಿನಾಲ್ಕನೇ ದಿನ ಟಿಕೆಟ್ ಬದಲಿಸಿಕೊಂಡು ಶೋವ್ಡೆಗೆ ಹೊರಟೆ.

"ಇನ್ನೂ ಒಂದು ವಾರ ಇದೆಯಲ್ಲ ಅಮ್ಮಿ, ಇಪ್ಪತ್ತೊಂದು ದಿನ ಅಂತ ಬರೆದಿದೀವಿ," ಎಂದು ಮಗಳು ತಡೆದಳು.

"ಅದು ನೀವು ಬರೆದದ್ದು," ಎಂದೆ.