ಗೌಸನ ಇಮಾನಾ, ರಾಯರ ಹೊಲಾ

ನಮ್ಮ ಗೌಸಮೊದ್ದೀನನ ಇಮಾನಾ ಹಾರಲೇ ಇಲ್ಲ ಅಂತ ಹಳೇ ಹುಬ್ಬಳ್ಳ್ಯಾಗ ಇನ್ನೂ ಆಡಿಕೊಳ್ಳೋರದಾರ. ಅವರ ಬಾಯಾಗ ಮಣ್ಣ ಬೀಳಲಿ! ನಾ ಅವನ ಅಕ್ಕ, ಮೈಮುನಾ. ಅವ್ವ ಸತ್ತಮ್ಯಾಲೆ ಅವನ್ನ ಸಾಕಿದಾಕಿ ನಾನು. ಕೇಳೋದಿದ್ರ ನನ್ನ ಕೇಳ್ರಿ.

ಗೌಸ ಕಟ್ಟಿಗಿ ಕೆತ್ತಿ ಟಾಂಗಾ ಕಟ್ಟಾಂವ. ಮುಂಬಯಿಗೆ ಹೋಗಿ ಇಮಾನದ ಕ್ಲಬ್ಬಿನಾಗ ರೆಕ್ಕಿ ರಿಪೇರಿ ಮಾಡಕೋತ ಹಾರಸೋದೂ ಕಲತ. ಮೂವತ್ತಾರನೇ ಇಸ್ವಿಯಾಗ ಹೊಳ್ಳಿ ಬಂದು ಹಿತ್ತಲದಾಗ ಕಟ್ಟಿಗಿ, ಅರಿವಿ, ಹಳೇ ಮೋಟಾರಸೈಕಲ್ಲಿನ ಎಂಜಿನ್ ಕೂಡಿಸಿ ತನ್ನದ ಒಂದ ಇಮಾನಾ ಕಟ್ಟಿದ. ಒಲಿಗೆ ಒಂದ ತುಂಡ ಕಟ್ಟಿಗಿ ಮುಟ್ಟಿದ್ರ ಚೀರತಿದ್ದ. ಬೈದೆ, ಅತ್ತೆ, ಕಡೀಕ ರೆಕ್ಕಿ ಅರಿವಿ ನಾನ ಹೊಲದೆ.

ಊರ ಹೊರಗ ಬಿಂದುಮಾಧವರಾಯರ ಬೀಳ ಹೊಲಾ ಇತ್ತು, ಬರೇ ಹುಲ್ಲು. "ಸೋಮವಾರ ಬಿತ್ತಾಕ ರಂಟಿ ಹೊಡಸ್ತೇನಿ. ಅದರೊಳಗ ಹಾರಿಸ್ಕೊ" ಅಂದ್ರು. ಬ್ಯಾರೆ ಯಾರೂ ಜಾಗಾ ಕೊಡಲಿಲ್ಲ. ಅಲ್ಲಿ ಹಾರದಿದ್ರ ಇಮಾನಾ ಕೋಳಿಗೂಡ ಆಗೋದ ಖರೇ.

ಹೊಲಾ ಗಿಡ್ಡದು, ಆ ತುದಿಗೆ ಜಾಲಿಗಿಡ. ಅಷ್ಟರಾಗ ಮ್ಯಾಲೆ ಏಳಬೇಕಂದ್ರ ಇಬ್ಬರು ಬಾಲ ಜಗ್ಗಿ ಹಿಡೀಬೇಕು, ಎಂಜಿನ್ ಪೂರಾ ಜೋರ ಆದಮ್ಯಾಲೆ ಒಮ್ಮೆಲೇ ಬಿಡಬೇಕು. ರವಿವಾರ ನಮ್ಮ ಕಾಕಾ ಶರೀಫಸಾಬ ಒಂದ ಕಡಿ, ಗೌಸನ ಗೆಳೆಯ ರಮಾಕಾಂತ ಇನ್ನೊಂದ ಕಡಿ ಹಿಡಿದ್ರು. "ನಾ 'ಹೋಗತೇನಿ' ಅಂದ ಕೂಡಲೇ ಬಿಡ್ರಿ" ಅಂತ ಗೌಸ ಹೇಳಿದ್ದ.

ಎಂಜಿನ್ ಗುಡಗಲಿಕ್ಕೆ ಹತ್ತಿತು. ಇವ "ಹೋಗ" ಅನ್ನೋದರಾಗ ಕಾಕಾ ಗದರಿಸಿದ: "ಏ ಹುಚ್ಚಾ! ಹೊಂಟಾಗ ಹಂಗ ಅಂತಾರೇನು? ಬರತೇನಿ ಅನ್ನು!"

ಹಿರೇರ ಮಾತು ಹೆಂಗ ಮೀರ್ಯಾನು? "ಬರತೇನಿ!" ಅಂತ ಚೀರಿದ. ಕಾಕಾ ಬಿಟ್ಟ. ಆ ಸಪ್ಪಳದಾಗ ಕಾಕಾನ ಮಾತು ರಮಾಕಾಂತಗ ಕೇಳಿರಲಿಲ್ಲ. ಗೌಸ ಇಳದ ಬರತಾನಂತ ತಿಳಕೊಂಡು ಅಂವ ಮತ್ತಷ್ಟು ಗಟ್ಟಿ ಹಿಡಿದ. ಇಮಾನಾ ಗರ್ರನೆ ತಿರುಗಿ, ರೆಕ್ಕಿ ನೆಲಕ್ಕ ಬಡದು ಲಟಕ್ಕನೆ ಮುರೀತು.

ಮಂದಿ ಬಿದ್ದ ಬಿದ್ದ ನಕ್ಕರು. ನನ್ನ ಮೈಯೆಲ್ಲಾ ಉರೀತು. ಕಾಕಾನ್ನೂ ರಮಾಕಾಂತನ್ನೂ ಮಂದಿ ಮುಂದನ ಜಾಡಿಸಿದೆ. ಗೌಸ ಮಾತ್ರ ಮುರದ ರೆಕ್ಕಿ ಸವರಕೋತ ಕೂತಿದ್ದ. ಅದನ್ನ ನೋಡಿ ಇನ್ನಷ್ಟ ಸಿಟ್ಟ ಬಂತು.

ಸೋಮವಾರ ಮುಂಜಾನೆ ರಾಯರು ಎತ್ತ ಹೊಡಕೊಂಡ ಬಂದ್ರು. ನಾ ರಂಟಿ ಮುಂದ ಹೋಗಿ ಕೂತೆ.

"ತಲಿ ಕೆಟ್ಟದೇನವಾ ನಿನಗ?"

"ಕೆಟ್ಟದರಿ! ಮೊದಲ ನನ್ನ ಮ್ಯಾಲೆ ಹೊಡೀರಿ!"

ರಾಯರು ಎತ್ತಿನ ಹಗ್ಗ ಜಗ್ಗಿ ನಿಲ್ಲಿಸಿದ್ರು. "ಗುರುವಾರದ ತನಕಾ. ಒಂದ ಸಲ ಹಾರಲಿ, ಮುಗೀತು."

ಮೂರ ದಿನದಾಗ ಗೌಸ ರೆಕ್ಕಿ ಜೋಡಿಸಿದ. ಗುರುವಾರ ಕಾಕಾನ್ನ ಮನ್ಯಾಗ ಬಿಟ್ಟು ನಾನ ಬಾಲ ಹಿಡದೆ, ಆ ಕಡಿ ರಮಾಕಾಂತ. ಈ ಸಲ ಬಾಯಿಮಾತ ಬ್ಯಾಡಂತ ಗೌಸ ಕೈ ಎತ್ತಿದ, ಇಬ್ಬರೂ ಬಿಟ್ಟಿವಿ. ಆ ಜಾಲಿಗಿಡ ಕಂಡವು ನೋಡ್ರಿ, ಇಮಾನಾ ನೆಟ್ಟಗ ಅವುಕ್ಕ ಹೊಂಟಿತ್ತು. ಕಣ್ಣ ಮುಚಗೊಂಡೆ. "ಹಾರಿತು! ಹಾರಿತು!" ಅಂತ ಮಂದಿ ಚೀರಾಕತ್ತಿದ್ರು. ತಮ್ಮ ಸತ್ತ, ಸತ್ತ ಅಂತ ನಾ ಬಡಬಡಸಾಕತ್ತಿದ್ದೆ. ಎಂಜಿನ್ ಸಪ್ಪಳ ನಿಂತಮ್ಯಾಲೇ ಕಣ್ಣ ತಗದೆ, ಇಮಾನಾ ಹೊಳ್ಳಿ ಹೊಲದಾಗ ಇಳದಿತ್ತು. ಗೌಸ ಓಡಿ ಬಂದ, ಮಾರಿ ತುಂಬ ನಗಿ.

"ನೋಡಿದೇನ ಆಪಾ?"

"ಎಲ್ಲಿದೋ ಮಬ್ಬಾ! ಅಂಜಿ ಕಣ್ಣ ಮುಚಗೊಂಡಿದ್ದೆ."

ಅವನ ಮಾರಿ ಸಣ್ಣದಾತು. ಹಿಂದ ರಾಯರು ಎತ್ತ ಹೂಡಕೊಂಡ ನಿಂತಿದ್ರು. "ಮುಗೀತಲ್ಲವಾ? ಇನ್ನ ಬದಿಗೆ ಸರಿ," ಅಂದ್ರು.

"ಎತ್ತ ಬಿಚ್ಚರಿ ರಾಯರ," ಅಂದೆ. "ನಾ ಇನ್ನೂ ನೋಡಿಲ್ಲ."